ಹೊಸ ಸ್ಮಾರ್ಟ್‌ಫೋನ್‌ನ ಗುಣ-ದೋಷ ಅಳೆಯುವ ಬಗೆ

ಫೋನ್ ಕಂಪನಿಗಳು ವಿವರಪಟ್ಟಿಯಲ್ಲಿ ಸುಳ್ಳು ಬರೆಯುವುದು ಅಪರೂಪ. ತಮಗೆ ಬೇಡದ್ದನ್ನು ಬರೆಯದೆ ಬಿಡುವುದೇ ಹೆಚ್ಚು. ಹಾಗಾಗಿ ಹೊಸ ಫೋನಿನ ಪಟ್ಟಿ ಸಿಕ್ಕ ಕೂಡಲೇ ದಪ್ಪಕ್ಷರದ ಅಂಕಿಗಳನ್ನು ಪಕ್ಕಕ್ಕಿಟ್ಟು, ಅಲ್ಲಿ ಏನೇನು ಬರೆದಿಲ್ಲ ಎಂದು ಮೊದಲು ಹುಡುಕಿ. ಕ್ಯಾಮೆರಾ 50 ಮೆಗಾಪಿಕ್ಸೆಲ್ ಎಂದು ಹೇಳಿ ಅದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಭಾಗದ, ಅಳತೆ ಹೇಳದಿದ್ದರೆ ಸೆನ್ಸರ್ ಚಿಕ್ಕದಿರುವ ಸಾಧ್ಯತೆ ಹೆಚ್ಚು. 128 ಜಿಬಿ ಎಂದು ಬರೆದು ಸ್ಟೋರೇಜ್ ಯಾವ ಬಗೆಯದೆಂದು ಬರೆಯದಿದ್ದರೆ ಅದು ಹಳೆಯ ಬಗೆಯದೇ ಇರಬಹುದು. ಯುಎಸ್‌ಬಿ-ಸಿ ಎಂದಷ್ಟೇ ಇದ್ದು ಆವೃತ್ತಿ ಇಲ್ಲದಿದ್ದರೆ ನಿಧಾನದ 2.0 ಎಂದೇ ಹಿಡಿಯಿರಿ. ಒಂದು ಹಾಳೆಯಲ್ಲಿ ಇಂಥ ಖಾಲಿ ಜಾಗಗಳನ್ನು ಬರೆದಿಟ್ಟುಕೊಂಡರೆ, ಫೋನಿನ ಕೊರತೆಗಳ ಅರ್ಧ ಪಟ್ಟಿ ಅಲ್ಲೇ ಸಿದ್ಧವಾಗುತ್ತದೆ. ಉಳಿದರ್ಧ ಕೈಯಲ್ಲಿ ಹಿಡಿದು ಪರೀಕ್ಷಿಸಿದಾಗ ಸಿಗುತ್ತದೆ.

ಚಿಪ್, ರ‍್ಯಾಮ್, ಸ್ಟೋರೇಜ್

"ಆಕ್ಟಾ ಕೋರ್" ಎಂಬ ಮಾತಿಗೆ ಏನೂ ತೂಕವಿಲ್ಲ. ಚಿಪ್ಪಿನೊಳಗೆ ಲೆಕ್ಕ ಮಾಡುವ ಎಂಟು ಘಟಕಗಳಲ್ಲಿ, ಅಂದರೆ ಕೋರ್‌ಗಳಲ್ಲಿ, ದೊಡ್ಡವು ಎಷ್ಟು, ಚಿಕ್ಕವು ಎಷ್ಟು, ಯಾವ ತಲೆಮಾರಿನವು ಎಂಬುದನ್ನು ನೋಡಬೇಕು. ಹಳೆಯ ಚಿಪ್ಪಿಗೆ ಹೊಸ ಹೆಸರು ಅಂಟಿಸಿ ಮಾರುವುದು ಸಾಮಾನ್ಯ. ಮೀಡಿಯಾಟೆಕ್ ಕಂಪನಿಯ ಚಿಪ್ ಡೈಮೆನ್ಸಿಟಿ 6080 ಎಂದರೆ ಹಿಂದಿನ 810, 6020 ಎಂದರೆ ಹಿಂದಿನ 700, 7050 ಎಂದರೆ ಹಿಂದಿನ 1080. ಸ್ನಾಪ್‌ಡ್ರ್ಯಾಗನ್ ಚಿಪ್‌ಗಳಲ್ಲಿ ಅಂಕಿಯ ಪಕ್ಕದ ಚಿಕ್ಕ ಗುರುತಿನ ಮೇಲೆ ಕಣ್ಣಿಡಿ. 7 ಪ್ಲಸ್ ಜೆನ್ 3ರಲ್ಲಿ ಕಾರ್ಟೆಕ್ಸ್-ಎಕ್ಸ್4 ಎಂಬ ಬಲವಾದ ಕೋರ್ ಇದೆ, 7ಎಸ್ ಜೆನ್ 3ರಲ್ಲಿ ಇಲ್ಲ. ಹೆಸರು ನೋಡಿದರೆ ಎರಡೂ ಅಣ್ಣತಮ್ಮಂದಿರು, ಕೆಲಸ ನೋಡಿದರೆ ಬೇರೆ ಬೇರೆ ಮನೆಯವು.

ಬೆಂಚ್‌ಮಾರ್ಕ್, ಅಂದರೆ ಫೋನಿನ ವೇಗ ಅಳೆಯುವ ಆ್ಯಪ್, ಕೊಡುವ ಅಂಕ ನೋಡುವಾಗ ಒಮ್ಮೆ ಓಡಿಸಿದ ಅಂಕವನ್ನು ನಂಬಬೇಡಿ. ಚಿಪ್ ಮೊದಲ ಒಂದೆರಡು ನಿಮಿಷ ತನ್ನ ಪೂರ್ತಿ ಬಲ ತೋರಿಸುತ್ತದೆ. ಬಿಸಿ ಏರಿದ ಮೇಲೆ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. 3ಡಿಮಾರ್ಕ್ ಆ್ಯಪ್‌ನ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್ ಒಂದು ನಿಮಿಷದ ಸುತ್ತನ್ನು 20 ಸಲ ಓಡಿಸಿ, ಅತಿ ಹೆಚ್ಚಿನ ಅಂಕ, ಅತಿ ಕಡಿಮೆಯ ಅಂಕ ಎರಡನ್ನೂ ತೋರಿಸುತ್ತದೆ. ನೋಡಬೇಕಾದ್ದು ಆ ಕಡಿಮೆಯ ಅಂಕವನ್ನು. ಅರ್ಧ ಗಂಟೆ ಆಟ ಆಡಿದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವ ಫೋನ್ ಅದು. ಕಡಿಮೆಯ ಅಂಕ ಹೆಚ್ಚಿನದರ ಶೇಕಡಾ ಎಷ್ಟು ಎಂಬ ಸ್ಥಿರತೆಯ ಅಂಕಿ ಒಂದನ್ನೇ ಹಿಡಿದು ತೀರ್ಮಾನಿಸುವುದೂ ತಪ್ಪು: ದುರ್ಬಲ ಚಿಪ್ ಅಷ್ಟಾಗಿ ಬಿಸಿಯಾಗುವುದಿಲ್ಲವಾದ್ದರಿಂದ ಅದಕ್ಕೆ ಶೇ 99 ಸುಲಭವಾಗಿ ಸಿಗುತ್ತದೆ. ಜೊತೆಗೆ, ಕೆಲವು ಫೋನ್‌ಗಳು ಬೆಂಚ್‌ಮಾರ್ಕ್ ಆ್ಯಪ್‌ನ ಗುರುತು ಹಿಡಿದು ಅದಕ್ಕೆ ಮಾತ್ರ ಪೂರ್ತಿ ವೇಗ ಕೊಡುತ್ತವೆ. ಸ್ಯಾಮ್‌ಸಂಗ್‌ನ ಎಸ್10ರಿಂದ ಎಸ್22ರವರೆಗಿನ ಗ್ಯಾಲಕ್ಸಿ ಎಸ್ ಸರಣಿಗಳು ಉಳಿದ ಆ್ಯಪ್‌ಗಳ ವೇಗ ತಗ್ಗಿಸಿ ಬೆಂಚ್‌ಮಾರ್ಕ್‌ಗಳನ್ನು ಮುಟ್ಟುತ್ತಿರಲಿಲ್ಲವೆಂದು 2022ರ ಮಾರ್ಚ್‌ನಲ್ಲಿ ಗೀಕ್‌ಬೆಂಚ್ ಎಂಬ ಬೆಂಚ್‌ಮಾರ್ಕ್ ಆ್ಯಪ್‌ನ ಕಂಪನಿ ಅವನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತ್ತು. ಆದ್ದರಿಂದ ನೀವು ನಿಜವಾಗಿ ಬಳಸುವ ಭಾರದ ಆ್ಯಪ್ ಅಥವಾ ಆಟವನ್ನೇ 30 ನಿಮಿಷ ಓಡಿಸಿ ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ.

ಫೋನ್ ಎರಡು ವರ್ಷದ ಮೇಲೆ ತೆವಳಲು ಶುರುವಾದಾಗ ಜನ ಚಿಪ್ಪನ್ನು ಬೈಯುತ್ತಾರೆ. ಕಡಿಮೆ ದರ್ಜೆಯ ಫೋನ್‌ಗಳಲ್ಲಿ ಎಷ್ಟೋ ಸಲ ತಪ್ಪು ಸ್ಟೋರೇಜ್‌ನದು. ಹಳೆಯ ಬಗೆಯ ಇಎಂಎಂಸಿ 5.1 ಸ್ಟೋರೇಜ್ ಸೆಕೆಂಡಿಗೆ 250ರಿಂದ 300 ಎಂಬಿ ಓದುತ್ತದೆ, ಹೊಸ ಬಗೆಯ ಯುಎಫ್‌ಎಸ್ 2.2 ಸುಮಾರು 900ರಿಂದ 1,000, ಯುಎಫ್‌ಎಸ್ 3.1 ಸುಮಾರು 2,000, ಯುಎಫ್‌ಎಸ್ 4.0 ಸುಮಾರು 4,000 ಎಂಬಿ. ವೇಗಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಇಎಂಎಂಸಿ ಒಂದು ಹೊತ್ತಿಗೆ ಓದುವುದು ಅಥವಾ ಬರೆಯುವುದು, ಒಂದನ್ನು ಮಾತ್ರ ಮಾಡಬಲ್ಲದು. ಯುಎಫ್‌ಎಸ್ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಹಿನ್ನೆಲೆಯಲ್ಲಿ ಆ್ಯಪ್ ಅಪ್‌ಡೇಟ್ ಆಗುತ್ತಿರುವಾಗ ಫೋನ್ ಸಿಕ್ಕಿಹಾಕಿಕೊಂಡಂತೆ ನಿಂತುಬಿಡುವುದಕ್ಕೆ ಇದೂ ಒಂದು ಕಾರಣ. ಒಂದೇ ಮಾದರಿಯ ಕಡಿಮೆ ಜಿಬಿಯ ಆವೃತ್ತಿಗೆ ನಿಧಾನದ ಸ್ಟೋರೇಜ್, ಹೆಚ್ಚು ಜಿಬಿಯದಕ್ಕೆ ವೇಗದ್ದು ಹಾಕುವುದೂ ಉಂಟು. ನೀವು ಕೊಳ್ಳುವ ಆವೃತ್ತಿಯದನ್ನೇ ಕೇಳಿ ತಿಳಿಯಿರಿ.

"8 ಜಿಬಿ + 8 ಜಿಬಿ ರ‍್ಯಾಮ್" ಎಂದು ಬರೆದಿದ್ದರೆ ಎರಡನೆಯ 8ನ್ನು ಹೊಡೆದು ಹಾಕಿ. ಅದು ಸ್ಟೋರೇಜ್‌ನಿಂದ ಎರವಲು ಪಡೆದ ಜಾಗ, ರ‍್ಯಾಮ್‌ನ ವೇಗದ ಹತ್ತಿರಕ್ಕೂ ಬರುವುದಿಲ್ಲ. 128 ಜಿಬಿ ಎಂಬುದೂ ಪೂರ್ತಿ ನಿಮ್ಮದಲ್ಲ: ಲೆಕ್ಕದ ರೀತಿಯಿಂದಾಗಿ ಕಾರ್ಯಾಚರಣ ವ್ಯವಸ್ಥೆ ಅದನ್ನು ಸುಮಾರು 119 ಎಂದು ಎಣಿಸಬಹುದು, ಅದರಲ್ಲಿ ವ್ಯವಸ್ಥೆಗೇ ಒಂದಷ್ಟು ಹೋಗುತ್ತದೆ. ಮೆಮೊರಿ ಕಾರ್ಡ್ ಹಾಕುವ ಜಾಗ ಇಲ್ಲವೆಂದರೆ ಈ ಲೆಕ್ಕ ಕೊಳ್ಳುವ ಮೊದಲೇ ಆಗಬೇಕು.

ಡಿಸ್‌ಪ್ಲೇ

ಪರದೆಯ ಬೆಳಕನ್ನು ಅಳೆಯುವ ನಿಟ್ಸ್ ಅಂಕಿಯಲ್ಲಿ ಮೂರು ಬಗೆ ಇವೆ. ಕೈಯಿಂದ ಪಟ್ಟಿ ಎಳೆದಾಗ ಸಿಗುವ ಬೆಳಕು, ಬಿಸಿಲಿನಲ್ಲಿ ತಾನಾಗಿ ಏರುವ ಹೈ ಬ್ರೈಟ್‌ನೆಸ್ ಮೋಡ್, ಮತ್ತು ಪರದೆಯ ಒಂದು ಚಿಕ್ಕ ತುಣುಕು ಅರೆಕ್ಷಣ ಮುಟ್ಟುವ ಪೀಕ್. ಜಾಹೀರಾತಿನ 3,000, 4,500 ಎಲ್ಲ ಮೂರನೆಯದು. ಬಿಸಿಲಲ್ಲಿ ನಕ್ಷೆ ಓದಲು ಬೇಕಾಗುವುದು ಎರಡನೆಯದು. ಅದು 1,000 ನಿಟ್ಸ್ ದಾಟಿದ್ದರೆ ತೊಂದರೆಯಿಲ್ಲ.

ಪರದೆ 120 ಹರ್ಟ್ಜ್, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುತ್ತದೆ, ಎಂದಿದ್ದರೂ ಎಷ್ಟೋ ಆ್ಯಪ್‌ಗಳಲ್ಲಿ ಫೋನ್ 60ಕ್ಕೆ ಇಳಿದಿರುತ್ತದೆ. ನೋಡುವುದು ಸುಲಭ. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿರುವ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ರಿಫ್ರೆಶ್ ರೇಟ್ ತೋರಿಸುವ ಆಯ್ಕೆ ಹಾಕಿಕೊಂಡು ನಿಮ್ಮ ಆ್ಯಪ್‌ಗಳನ್ನು ಒಂದೊಂದಾಗಿ ತೆರೆಯಿರಿ. ಸುಮ್ಮನೆ ಒಂದು ಪುಟ ಓದುತ್ತಿರುವಾಗಲೂ 120ರಲ್ಲೇ ನಿಂತಿದ್ದರೆ ಬ್ಯಾಟರಿ ಸುಮ್ಮನೆ ಸೋರುತ್ತಿದೆ ಎಂದರ್ಥ. ಈ ವೇಗವನ್ನು ತಾನಾಗಿ ಬದಲಿಸಿಕೊಳ್ಳುವ ಎಲ್‌ಟಿಪಿಒ ಪರದೆಗಳು ಇಂಥ ಹೊತ್ತಿನಲ್ಲಿ 1 ಹರ್ಟ್ಜ್‌ವರೆಗೆ ಇಳಿಯಬಲ್ಲವು.

ವಿಮರ್ಶೆಗಳು ಹಾರಿಸಿ ಹೋಗುವ ಒಂದು ವಿಷಯ ಪರದೆಯ ಮಿಣುಕು. ಪ್ರತಿ ಚುಕ್ಕೆಯೂ ತಾನೇ ಬೆಳಗುವ ಓಲೆಡ್ ಪರದೆಗಳಲ್ಲಿ ಬಹುಪಾಲು ಬೆಳಕನ್ನು ತಗ್ಗಿಸುವುದು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುವ ಮೂಲಕ. ಕಣ್ಣಿಗೆ ಕಾಣುವುದಿಲ್ಲ. ಆದರೆ ಕೆಲವರಿಗೆ ರಾತ್ರಿ ಮಂದ ಬೆಳಕಿನಲ್ಲಿ ಅರ್ಧ ಗಂಟೆ ಓದಿದರೆ ತಲೆ ಸಿಡಿಯುತ್ತದೆ, ಕಾರಣ ಗೊತ್ತಾಗುವುದಿಲ್ಲ. 240 ಹರ್ಟ್ಜ್‌ನಂಥ ಕಡಿಮೆ ವೇಗದ ಮಿಣುಕು ಹೆಚ್ಚು ಕಾಡುತ್ತದೆ; 1,920 ಅಥವಾ 3,840 ಹರ್ಟ್ಜ್ ಆದರೆ ಅಷ್ಟು ಕಾಡುವುದಿಲ್ಲ. ಪರೀಕ್ಷೆ ಹೀಗೆ: ಹೊಸ ಫೋನಿನ ಬೆಳಕನ್ನು ಕಾಲು ಭಾಗಕ್ಕೆ ಇಳಿಸಿ ಬಿಳಿ ಪುಟ ತೆರೆಯಿರಿ. ಇನ್ನೊಂದು ಫೋನಿನ ಕ್ಯಾಮೆರಾವನ್ನು ಪ್ರೊ ಮೋಡ್‌ಗೆ ಹಾಕಿ, ಶಟರ್ ವೇಗ 1/2000 ಸೆಕೆಂಡ್ ಇಟ್ಟು ಆ ಪುಟವನ್ನು ನೋಡಿ. ದಪ್ಪನೆಯ ಕಪ್ಪು ಪಟ್ಟೆಗಳು ಓಡಾಡಿದರೆ ಮಿಣುಕಿನ ವೇಗ ಕಡಿಮೆ. ತೆಳ್ಳನೆಯ, ಒತ್ತೊತ್ತಾದ ಗೆರೆಗಳಾದರೆ ಹೆಚ್ಚು. ಈ ದೋಷ ಅಪ್‌ಡೇಟ್‌ನಿಂದ ಹೋಗುವುದು ಬಹಳ ವಿರಳ. ತಲೆನೋವಿನ ತೊಂದರೆ ಇರುವವರು ಇದೊಂದನ್ನು ತಪ್ಪದೆ ನೋಡಲೇಬೇಕು.

ಕತ್ತಲೆ ಕೋಣೆಯಲ್ಲಿ ಬೆಳಕನ್ನು ಪೂರ್ತಿ ತಗ್ಗಿಸಿ ಬೂದು ಬಣ್ಣದ ಚಿತ್ರವೊಂದನ್ನು ತುಂಬು ಪರದೆಯಲ್ಲಿ ತೆರೆದು ನೋಡಿ. ಒಂದು ಬದಿ ಹಸಿರು, ಇನ್ನೊಂದು ಬದಿ ಗುಲಾಬಿ ಛಾಯೆ ಕಂಡರೆ ಆ ಫೋನನ್ನು ಬದಲಿಸಿಕೊಳ್ಳಿ. ಜೊತೆಗೆ ಚಲನಚಿತ್ರಗಳ ನಕಲು ತಡೆಯುವ ವ್ಯವಸ್ಥೆಯಾದ ವೈಡ್‌ವೈನ್‌ನ ಮಟ್ಟ ಎಲ್1 ಇದೆಯೇ ಎಂದು ಡಿಆರ್‌ಎಂ (ನಕಲು ತಡೆ) ಮಾಹಿತಿ ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ ನೋಡಿ. ಎಲ್3 ಆಗಿದ್ದರೆ ಪರದೆ ಎಷ್ಟೇ ಚೆನ್ನಾಗಿದ್ದರೂ ಚಲನಚಿತ್ರದ ಆ್ಯಪ್‌ಗಳು ಮಸುಕು ಚಿತ್ರವನ್ನೇ ಕೊಡುತ್ತವೆ.

ಕ್ಯಾಮೆರಾ

ಮೆಗಾಪಿಕ್ಸೆಲ್ ಮರೆತು ಸೆನ್ಸರ್ ಅಳತೆ ನೋಡಿ. ಅದನ್ನು 1/1.3, 1/1.56, 1/2.76 ಇಂಚು ಎಂದು ಭಿನ್ನರಾಶಿಯಲ್ಲಿ ಬರೆಯುತ್ತಾರೆ. ಕೆಳಗಿನ ಅಂಕಿ ದೊಡ್ಡದಾದಷ್ಟೂ ಸೆನ್ಸರ್ ಚಿಕ್ಕದು. 1/1.56 ಇಂಚಿನ 50 ಮೆಗಾಪಿಕ್ಸೆಲ್ ಸೆನ್ಸರ್‌ನ ಪಿಕ್ಸೆಲ್ ಅಗಲ 1 ಮೈಕ್ರೊಮೀಟರ್. 1/2.76ರದ್ದು 0.64. ಪಿಕ್ಸೆಲ್‌ನ ವಿಸ್ತೀರ್ಣ ಲೆಕ್ಕ ಹಾಕಿದರೆ ಬೆಳಕು ಹಿಡಿಯುವುದರಲ್ಲಿ ಸುಮಾರು ಎರಡೂವರೆ ಪಟ್ಟು ವ್ಯತ್ಯಾಸ. ಪಟ್ಟಿಯಲ್ಲಿ ಮಾತ್ರ ಎರಡೂ 50 ಮೆಗಾಪಿಕ್ಸೆಲ್. 200 ಮೆಗಾಪಿಕ್ಸೆಲ್ ಫೋನ್ ಕೂಡ ಸಾಮಾನ್ಯವಾಗಿ 16 ಪಿಕ್ಸೆಲ್‌ಗಳನ್ನು ಒಂದಾಗಿಸಿ 12.5 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ.

ಹಿಂದೆ ನಾಲ್ಕು ಕಣ್ಣುಗಳಿದ್ದರೆ ಅದರಲ್ಲಿ ಎಷ್ಟು ಕೆಲಸಕ್ಕೆ ಬರುತ್ತವೆ ಎಂದು ಎಣಿಸಿ. 2 ಮೆಗಾಪಿಕ್ಸೆಲ್‌ನ ಮ್ಯಾಕ್ರೊ (ತೀರ ಹತ್ತಿರದ ಚಿತ್ರಕ್ಕೆ), ಡೆಪ್ತ್ (ಹಿನ್ನೆಲೆಯ ದೂರ ಅಳೆಯಲು) ಕ್ಯಾಮೆರಾಗಳು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಅಗಲದ ದೃಶ್ಯ ಹಿಡಿಯುವ ಅಲ್ಟ್ರಾವೈಡ್ ಕ್ಯಾಮೆರಾಗೆ ಆಟೋಫೋಕಸ್ ಇದ್ದರೆ ಅದೇ ಹತ್ತಿರದ ಹೂವನ್ನೂ ಚೆನ್ನಾಗಿ ತೆಗೆಯುತ್ತದೆ, ಬೇರೆ ಮ್ಯಾಕ್ರೊ ಕ್ಯಾಮೆರಾ ಬೇಕಾಗುವುದೇ ಇಲ್ಲ. ಮುಖ್ಯ ಕ್ಯಾಮೆರಾಗೆ ಒಐಎಸ್, ಅಂದರೆ ಕೈನಡುಕ ತಡೆಯುವ ಯಂತ್ರಭಾಗ, ಇಲ್ಲದಿದ್ದರೆ ರಾತ್ರಿಯ ಚಿತ್ರಗಳಲ್ಲಿ ಅದರ ಕೊರತೆ ಕಾಣುತ್ತದೆ. ಸಾಫ್ಟ್‌ವೇರ್‌ನಿಂದ ಮಾಡುವ ಇಐಎಸ್ ಅದಕ್ಕೆ ಬದಲಿಯಲ್ಲ. ಅದು ವಿಡಿಯೊದ ಅಂಚು ಕತ್ತರಿಸಿ ನಡುಕ ಮರೆಸುತ್ತದೆ, ಚಿತ್ರಕ್ಕೆ ಹೆಚ್ಚು ಬೆಳಕು ತರುವುದಿಲ್ಲ.

ಹಗಲಿನಲ್ಲಿ ಕಟ್ಟಡ, ಮರ ತೆಗೆದು ಫೋನ್‌ಗಳನ್ನು ಹೋಲಿಸುವುದು ದಂಡ. ಈಗ ಬಹುತೇಕ ಎಲ್ಲವೂ ಅದನ್ನು ಚೆನ್ನಾಗಿ ತೆಗೆಯುತ್ತವೆ. ಸೋಲುವ ಜಾಗಗಳಲ್ಲಿ ಪರೀಕ್ಷಿಸಬೇಕು.

ಮೊದಲನೆಯದು, ರಾತ್ರಿ ಮನೆಯೊಳಗಿನ ದೀಪದಲ್ಲಿ ನಡೆದಾಡುತ್ತಿರುವ ಒಬ್ಬರ 10 ಚಿತ್ರ ತೆಗೆಯಿರಿ. ಮುಖ ಸ್ಪಷ್ಟವಾಗಿರುವುದು ಎಷ್ಟರಲ್ಲಿ ಎಂದು ದೊಡ್ಡದು ಮಾಡಿ ಎಣಿಸಿ. 7ಕ್ಕಿಂತ ಕಡಿಮೆಯಾದರೆ ಮಕ್ಕಳ, ಸಾಕುಪ್ರಾಣಿಗಳ ಚಿತ್ರಕ್ಕೆ ಆ ಫೋನ್ ಆಗಿಬರುವುದಿಲ್ಲ. ಒಐಎಸ್ ನಿಮ್ಮ ಕೈನಡುಕ ತಡೆಯುತ್ತದೆ, ಎದುರಿನವರ ಓಡಾಟವನ್ನು ತಡೆಯಲಾರದು. ಆದ್ದರಿಂದ ಈ ಪರೀಕ್ಷೆಯಲ್ಲಿ ಸೆನ್ಸರ್ ಮತ್ತು ಸಾಫ್ಟ್‌ವೇರ್‌ನ ನಿಜವಾದ ಬಲ ಗೊತ್ತಾಗುತ್ತದೆ.

ಇನ್ನೊಂದು, ಕಿಟಕಿಗೆ ಬೆನ್ನು ಮಾಡಿ ನಿಂತವರ ಮುಖ. ಆಕಾಶ ಬೆಳ್ಳಗೆ ಸುಟ್ಟುಹೋಗದೆ ಮುಖವೂ ಕಾಣಬೇಕು, ಮೈಬಣ್ಣ ಇದ್ದ ಹಾಗೇ ಇರಬೇಕು. ಚರ್ಮವನ್ನು ನುಣ್ಣಗೆ ತಿದ್ದಿ ಬೆಳ್ಳಗೆ ಮಾಡುವ ಫೋನ್‌ಗಳಲ್ಲಿ ಬ್ಯೂಟಿ ಮೋಡ್ ಸೊನ್ನೆಗಿಳಿಸಿ ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಅದು ಆ ಕಂಪನಿಯ ಅಭಿರುಚಿ, ನಿಮಗೆ ಬದಲಿಸಲಾಗದು.

ಜೂಮ್‌ನ ಪರೀಕ್ಷೆ ಇನ್ನೂ ಮುಖ್ಯ. ದೂರದ್ದನ್ನು ಹತ್ತಿರ ತರುವ 3 ಪಟ್ಟು ಟೆಲಿಫೋಟೊ ಕ್ಯಾಮೆರಾ ಇದೆ ಎಂದ ಮಾತ್ರಕ್ಕೆ 3 ಪಟ್ಟು ಒತ್ತಿದಾಗಲೆಲ್ಲ ಅದೇ ಕೆಲಸ ಮಾಡುತ್ತದೆ ಎಂದಲ್ಲ. ಬೆಳಕು ಕಡಿಮೆಯಾದರೆ ಫೋನ್ ಸದ್ದಿಲ್ಲದೆ ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸಿ ಕೊಡುವುದುಂಟು. ಸಂಜೆ ಮಂದ ಬೆಳಕಿನಲ್ಲಿ 3 ಪಟ್ಟಿಗೆ ಹಾಕಿ ಮುಖ್ಯ ಕ್ಯಾಮೆರಾದ ಕಣ್ಣಿಗೆ ಬೆರಳು ಅಡ್ಡ ಇಡಿ. ಪರದೆ ಕಪ್ಪಾದರೆ ಆ ಹೊತ್ತಿನಲ್ಲಿ ಟೆಲಿಫೋಟೊ ಸುಮ್ಮನೆ ಕೂತಿದೆ. ಚಿತ್ರ ಹಾಗೇ ಕಂಡರೆ ಅದು ಕೆಲಸದಲ್ಲಿದೆ. ಹಾಗೆಯೇ 0.6, 1, 3 ಪಟ್ಟುಗಳಲ್ಲಿ ಒಂದೇ ದೃಶ್ಯ ತೆಗೆದು ಪಕ್ಕಪಕ್ಕ ಇಟ್ಟರೆ, ಮೂರರಲ್ಲಿ ಮೂರು ಬಣ್ಣ ಬರುವ ಫೋನ್‌ಗಳು ಕೂಡಲೇ ಸಿಕ್ಕಿಬೀಳುತ್ತವೆ.

ವಿಡಿಯೊಗೆ 4ಕೆ ಇಟ್ಟು 10 ನಿಮಿಷ ಹೊರಗೆ ನಡೆಯುತ್ತ ಚಿತ್ರಿಸಿ. ಬಿಸಿಯ ಎಚ್ಚರಿಕೆ ಬಂತೇ, ಚಿತ್ರೀಕರಣ ನಿಂತಿತೇ, ಗಾಳಿಯ ಸದ್ದಿನಲ್ಲಿ ಮಾತು ಕೇಳುತ್ತದೆಯೇ, ಮಧ್ಯದಲ್ಲಿ ಲೆನ್ಸ್ ಬದಲಿಸಲು ಬಿಡುತ್ತದೆಯೇ? ಕೆಲವು ಫೋನ್‌ಗಳಲ್ಲಿ ಸೆಕೆಂಡಿಗೆ 60 ಫ್ರೇಮ್‌ಗೆ ಹಾಕಿದ ಕೂಡಲೇ ನಡುಕ ತಡೆಯುವ ವ್ಯವಸ್ಥೆ ಆರಿಹೋಗುತ್ತದೆ. ಪಟ್ಟಿಯಲ್ಲಿ ಎರಡೂ ಇರುತ್ತವೆ, ಒಟ್ಟಿಗೆ ಇರುವುದಿಲ್ಲ.

ಬ್ಯಾಟರಿ ಮತ್ತು ಚಾರ್ಜಿಂಗ್

ಬ್ಯಾಟರಿ ಸಾಮರ್ಥ್ಯದ ಎಂಎಎಚ್ ಅಂಕಿಯ ಪಕ್ಕದಲ್ಲಿ "ಟಿಪಿಕಲ್" ಎಂದು ಸಣ್ಣಕ್ಷರದಲ್ಲಿ ಇದ್ದರೆ ಖಾತರಿಯ ಅಂಕಿ, ಅಂದರೆ "ರೇಟೆಡ್", ಅದಕ್ಕಿಂತ ತುಸು ಕಡಿಮೆ. ವ್ಯಾಟ್ ವಿಷಯವೂ ಹಾಗೇ. 120 ವ್ಯಾಟ್ ಎಂಬುದು ಬ್ಯಾಟರಿ ಖಾಲಿ ಇರುವ ಮೊದಲ ಕೆಲವು ನಿಮಿಷಗಳ ಮಾತು. ಶೇ 80 ದಾಟಿದ ಮೇಲೆ ಎಲ್ಲ ಫೋನ್‌ಗಳೂ ನಿಧಾನವಾಗುತ್ತವೆ. ಶೇ 5ರಿಂದ ಹಾಕಿ 10 ನಿಮಿಷಕ್ಕೊಮ್ಮೆ ಶೇಕಡಾವಾರು ಬರೆದಿಡಿ. ಅರ್ಧ ಗಂಟೆಗೆ ಎಷ್ಟಾಯಿತು ಎಂಬುದೇ ದಿನಬಳಕೆಗೆ ಬೇಕಾದ ಅಂಕಿ. ಪೂರ್ತಿ ವೇಗ ಆ ಕಂಪನಿಯ ಸ್ವಂತ ಚಾರ್ಜರ್‌ಗೆ ಮಾತ್ರವೇ, ಯುಎಸ್‌ಬಿ ಪಿಡಿ ಪಿಪಿಎಸ್ ಎಂಬ ಸಾಮಾನ್ಯ ಮಾನದಂಡ ಇರುವ ಯಾವುದೇ ಚಾರ್ಜರ್‌ಗೂ ಸಿಗುತ್ತದೆಯೇ ಎಂದೂ ನೋಡಿ. ಡಬ್ಬಿಯಲ್ಲಿ ಚಾರ್ಜರ್ ಇಲ್ಲದಿದ್ದರೆ ಅದರ ಬೆಲೆ ಫೋನಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಬ್ಯಾಟರಿ ಬಾಳಿಕೆಯನ್ನು ಮೊದಲ ಎರಡು ಮೂರು ದಿನ ಅಳೆಯಬೇಡಿ. ಆಗ ಫೋನ್ ಹಳೆಯ ಬ್ಯಾಕಪ್ ಇಳಿಸಿಕೊಳ್ಳುತ್ತ, ಚಿತ್ರಗಳನ್ನು ವಿಂಗಡಿಸುತ್ತ, ಆ್ಯಪ್‌ಗಳನ್ನು ಹದಗೊಳಿಸುತ್ತ ಒಳಗೊಳಗೆ ದುಡಿಯುತ್ತಿರುತ್ತದೆ. ನಾಲ್ಕನೆಯ ದಿನದಿಂದ ನೋಡಿ. ರಾತ್ರಿ ಮಲಗುವಾಗ ಶೇಕಡಾವಾರು ಬರೆದು, 8 ಗಂಟೆಯ ಮೇಲೆ ಮತ್ತೆ ನೋಡಿ. 2ರಿಂದ 4 ಇಳಿದಿದ್ದರೆ ಸರಿ. 8ಕ್ಕಿಂತ ಹೆಚ್ಚು ಇಳಿದಿದ್ದರೆ ಮರುದಿನ ರಾತ್ರಿ ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು ಹೋಲಿಸಿ: ಆಗ ಇಳಿತ ನಿಂತರೆ ಸಿಗ್ನಲ್ ದುರ್ಬಲವಾಗಿದೆ ಅಥವಾ ಆ್ಯಪ್ ಒಂದು ಇಂಟರ್‌ನೆಟ್ ಎಳೆಯುತ್ತಿದೆ, ಆಗಲೂ ನಿಲ್ಲದಿದ್ದರೆ ತಪ್ಪು ಫೋನಿನ ಸಾಫ್ಟ್‌ವೇರ್ ಅಥವಾ ಬ್ಯಾಟರಿಯಲ್ಲಿದೆ.

ಎಷ್ಟು ವರ್ಷ ಬಾಳುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಆಧಾರ ಈಗ ಸಿಕ್ಕಿದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನ್‌ಗಳ ಬ್ಯಾಟರಿ 800 ಚಾರ್ಜ್ ಸುತ್ತುಗಳ ನಂತರವೂ ಶೇ 80 ಸಾಮರ್ಥ್ಯ ಉಳಿಸಿಕೊಳ್ಳಬೇಕೆಂಬ ನಿಯಮವಿದೆ. ಜೊತೆಗೆ ಸುತ್ತುಗಳ ಸಂಖ್ಯೆ, ಬೀಳಿಸಿದರೆ ತಡೆಯುವ ದರ್ಜೆ, ದುರಸ್ತಿಯ ದರ್ಜೆ ಎಲ್ಲವನ್ನೂ ಲೇಬಲ್‌ನಲ್ಲಿ ಹಾಕಬೇಕು. ಇವು ಎಪ್ರೆಲ್ ಎಂಬ ಸಾರ್ವಜನಿಕ ಕೋಶದಲ್ಲಿ ಸಿಗುತ್ತವೆ, ಯಾವ ದೇಶದವರೂ ನೋಡಬಹುದು. ಎಚ್ಚರವಿರಲಿ: ಒಂದೇ ಹೆಸರಿನ ಫೋನಿನ ಬ್ಯಾಟರಿ ದೇಶದಿಂದ ದೇಶಕ್ಕೆ ಬೇರೆ ಇರಬಹುದು, ಮಾದರಿ ಸಂಖ್ಯೆ ಹೊಂದುತ್ತದೆಯೇ ನೋಡಿ.

ಚಿಕ್ಕವೆಂದು ಬಿಟ್ಟುಬಿಡುವ ಸಂಗತಿಗಳು

ಸಿಗ್ನಲ್: ನಿಮ್ಮ ನೆಟ್‌ವರ್ಕ್ ಕಂಪನಿ ಬಳಸುವ ಬ್ಯಾಂಡ್‌ಗಳು, ಅಂದರೆ ರೇಡಿಯೊ ತರಂಗಗಳ ಪಟ್ಟಿಗಳು, ಫೋನಿನಲ್ಲಿ ಇವೆಯೇ ಎಂದು ಅಂಕಿ ಹಿಡಿದು ಹೋಲಿಸಿ. ಆಮೇಲೆ ಮನೆಯಲ್ಲಿ ಸಿಗ್ನಲ್ ಕಡಿಮೆ ಇರುವ ಮೂಲೆಯಲ್ಲಿ ಅದೇ ಸಿಮ್ಮನ್ನು ಹಳೆಯ ಫೋನ್, ಹೊಸ ಫೋನ್ ಎರಡರಲ್ಲೂ ಹಾಕಿ, ಸಿಮ್ ಸ್ಟೇಟಸ್ ಪುಟದಲ್ಲಿ ಸಿಗ್ನಲ್ ಬಲ ತೋರಿಸುವ ಡಿಬಿಎಂ ಅಂಕಿ ನೋಡಿ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಚೆನ್ನ, ಮೈನಸ್ 110 ದಾಟಿದರೆ ಕರೆ ತುಂಡಾಗಲು ಶುರು. ಎರಡರ ನಡುವೆ 6 ವ್ಯತ್ಯಾಸ ಬಂದರೆ ಒಂದು ಫೋನ್ ಹಿಡಿಯುತ್ತಿರುವ ಸಿಗ್ನಲ್ ಇನ್ನೊಂದರ ನಾಲ್ಕು ಪಟ್ಟು. ಸಿಗ್ನಲ್ ಅಲುಗಾಡುತ್ತಿರುತ್ತದೆ, ಐದು ಸಲ ನೋಡಿ ಸರಾಸರಿ ತೆಗೆಯಿರಿ.

ಪ್ರಾಕ್ಸಿಮಿಟಿ ಸೆನ್ಸರ್: ಫೋನ್ ಕಿವಿಯ ಹತ್ತಿರ ಬಂದಾಗ ಪರದೆ ಆರಿಸುವುದು ಇದು. ಖರ್ಚು ಉಳಿಸಲು ನಿಜವಾದ ಸೆನ್ಸರ್ ಬದಲು ಸಾಫ್ಟ್‌ವೇರ್ ಅಂದಾಜು ಬಳಸುವ ಫೋನ್‌ಗಳಿವೆ. ಮಾತಾಡುತ್ತಿರುವಾಗ ಕೆನ್ನೆ ತಾಗಿ ಮ್ಯೂಟ್ ಆಗುವುದು, ಕರೆ ಕಟ್ಟಾಗುವುದು ಇದರಿಂದಲೇ. ಐದು ನಿಮಿಷದ ಕರೆ ಮಾಡಿ, ನಡುನಡುವೆ ಕಿವಿಯಿಂದ ತೆಗೆದು ಮತ್ತೆ ಇಟ್ಟು ನೋಡಿ. ಗೈರೊಸ್ಕೋಪ್ (ಫೋನಿನ ತಿರುವು ಅಳೆಯುವ ಸೆನ್ಸರ್), ಎನ್‌ಎಫ್‌ಸಿ (ತಾಗಿಸಿ ಹಣ ಪಾವತಿಸುವಂಥ ಕೆಲಸಕ್ಕೆ), ದಿಕ್ಸೂಚಿ ಸೆನ್ಸರ್ ಇಲ್ಲದ ಹೊಸ ಫೋನ್‌ಗಳೂ ಇವೆ. ದಿಕ್ಸೂಚಿ ಇಲ್ಲದಿದ್ದರೆ ನಿಂತ ಜಾಗದಲ್ಲಿ ನಕ್ಷೆಗೆ ನಿಮ್ಮ ಮುಖ ಯಾವ ಕಡೆ ಎಂದು ತಿಳಿಯುವುದಿಲ್ಲ.

ಯುಎಸ್‌ಬಿ 2.0 ಆಗಿದ್ದರೆ 100 ಜಿಬಿ ವಿಡಿಯೊ ಕಂಪ್ಯೂಟರ್‌ಗೆ ಹಾಕಲು ಮುಕ್ಕಾಲು ಗಂಟೆ ಬೇಕು. 5 ಗಿಗಾಬಿಟ್‌ನ ಯುಎಸ್‌ಬಿ 3 ಆದರೆ ನಾಲ್ಕೈದು ನಿಮಿಷ. ವಿಡಿಯೊ ಮಾಡದವರಿಗೆ ಇದು ಲೆಕ್ಕಕ್ಕೇ ಇಲ್ಲ.

ನೀರು ತಡೆಯುವ ದರ್ಜೆಗಳಲ್ಲಿ ಐಪಿ67 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ. ಐಪಿ68ರ ಆಳ ಕಂಪನಿ ಹೇಳಿದಷ್ಟು. ಎರಡೂ ಸಿಹಿನೀರಿನ, ನಿಂತ ನೀರಿನ ಪರೀಕ್ಷೆಗಳು. ಸಮುದ್ರ, ಸೋಪುನೀರು, ರಭಸದ ನಲ್ಲಿ ಇದರಲ್ಲಿ ಬರುವುದಿಲ್ಲ. ನೀರು ಹೊಕ್ಕರೆ ವಾರಂಟಿ ಸಾಮಾನ್ಯವಾಗಿ ಸಿಗದು.

ಅಪ್‌ಡೇಟ್, ದುರಸ್ತಿ

ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ರಿಂದ 7 ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿವೆ. ಉಳಿದವುಗಳಲ್ಲಿ ಎರಡು ವರ್ಷದಿಂದ ಹಿಡಿದು ಆರೇಳು ವರ್ಷದವರೆಗೆ ಬಗೆಬಗೆ. ಈ ವರ್ಷಗಳನ್ನು ಸಾಮಾನ್ಯವಾಗಿ ಎಣಿಸುವುದು ಫೋನ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. 4 ವರ್ಷದ ಮಾತಿರುವ ಫೋನನ್ನು ಒಂದೂವರೆ ವರ್ಷ ತಡವಾಗಿ ಕಡಿಮೆ ಬೆಲೆಗೆ ಕೊಂಡರೆ ಉಳಿದದ್ದು ಎರಡೂವರೆ. ಆಂಡ್ರಾಯ್ಡ್ ಆವೃತ್ತಿ ಎಷ್ಟು, ಭದ್ರತಾ ಪ್ಯಾಚ್ ಎಷ್ಟು ವರ್ಷ, ಅದು ತಿಂಗಳಿಗೊಮ್ಮೆಯೇ ಮೂರು ತಿಂಗಳಿಗೊಮ್ಮೆಯೇ ಎಂದು ಬೇರೆ ಬೇರೆಯಾಗಿ ನೋಡಿ. ಕೊಳ್ಳುವ ಮುಂಚೆ ಪರದೆ ಬದಲಿಸುವ ಖರ್ಚನ್ನೂ ವಿಚಾರಿಸಿ. ಅದು ಫೋನಿನ ಬೆಲೆಯ ಮೂರನೇ ಒಂದು ಭಾಗ ದಾಟಿದರೆ, ಒಮ್ಮೆ ಬಿದ್ದರೆ ಹೊಸದೇ ಕೊಳ್ಳಬೇಕಾಗುತ್ತದೆ ಎಂದು ತಿಳಿದೇ ಮುಂದುವರಿಯಿರಿ.

ವಿಮರ್ಶೆಗಳನ್ನು ಓದುವಾಗ ಬರೆದವರು ಎಷ್ಟು ದಿನ ಬಳಸಿದ್ದಾರೆ ಎಂದು ಮೊದಲು ನೋಡಿ. ಮೂರು ದಿನದ ವಿಮರ್ಶೆ ಬ್ಯಾಟರಿಯ ಬಗ್ಗೆ ಹೇಳುವ ಮಾತಿಗೆ ಬೆಲೆ ಕಡಿಮೆ. ಬಿಡುಗಡೆಯಾಗಿ ಮೂರು ತಿಂಗಳಾದ ಮೇಲಿನ ಬಳಕೆದಾರರ ದೂರುಗಳಲ್ಲಿ ಒಂದೇ ನಿರ್ದಿಷ್ಟ ದೋಷ ಪದೇಪದೇ ಬಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ: "ಅಪ್‌ಡೇಟ್ ಆದ ಮೇಲೆ ಪರದೆಯಲ್ಲಿ ಹಸಿರು ಗೆರೆ" ಎಂಬಂಥದ್ದು. "ಫೋನ್ ಸರಿಯಿಲ್ಲ" ಎಂಬಷ್ಟೇ ಇರುವ ದೂರಿನಿಂದ ತಿಳಿಯುವುದೇನೂ ಇಲ್ಲ.

ಕೊರತೆಗಳನ್ನು ತೂಗುವುದು

ಸಿಕ್ಕ ಕೊರತೆಗಳನ್ನೆಲ್ಲ ಎರಡು ಗುಂಪು ಮಾಡಿ. ಕ್ಯಾಮೆರಾದ ಬಣ್ಣ, ಅನಿಮೇಶನ್‌ನ ತಡೆ, ವೈಬ್ರೇಶನ್‌ನ ಹದ, ರಾತ್ರಿಯ ಬ್ಯಾಟರಿ ಸೋರಿಕೆ ಇವು ಹೆಚ್ಚಾಗಿ ಸಾಫ್ಟ್‌ವೇರ್‌ನವು, ಸರಿಹೋಗಬಹುದು. ಸ್ಟೋರೇಜ್ ಬಗೆ, ಪರದೆಯ ಮಿಣುಕು, ಒಐಎಸ್ ಇಲ್ಲದ್ದು, ಬ್ಯಾಂಡ್ ಇಲ್ಲದ್ದು, ತೂಕ ಇವು ಸರಿಹೋಗವು ಎಂದೇ ಹಿಡಿಯಿರಿ. ಎರಡನೆಯ ಗುಂಪಿನಲ್ಲಿ ನಿಮ್ಮ ದಿನಬಳಕೆಗೆ ತಾಗುವ ಒಂದೇ ಒಂದು ಇದ್ದರೂ ಫೋನ್ ಬಿಟ್ಟುಬಿಡುವುದು ಮೇಲು. ಮೊದಲನೆಯ ಗುಂಪಿನಲ್ಲಿ ನಾಲ್ಕಿದ್ದರೂ ಆ ಕಂಪನಿ ಹಿಂದಿನ ಮಾದರಿಗೆ ಅಪ್‌ಡೇಟ್ ಸರಿಯಾಗಿ ಕೊಟ್ಟಿದ್ದರೆ ಯೋಚಿಸಬಹುದು. "ಮುಂದೆ ಬರಲಿದೆ" ಎಂದು ಹೇಳಿದ ಸೌಲಭ್ಯಕ್ಕೆ ಮಾತ್ರ ಇಂದು ಹಣ ಕೊಡಬೇಡಿ.

ರಿಟರ್ನ್ ಗಡುವು ಎಷ್ಟು ದಿನ ಎಂದು ಮೊದಲೇ ತಿಳಿದು ಪರೀಕ್ಷೆಗಳನ್ನು ಹಂಚಿಕೊಳ್ಳಿ. ಮೊದಲ ದಿನ ಪರದೆ, ಕರೆ, ಸಿಗ್ನಲ್, ಸೆನ್ಸರ್‌ಗಳು. *#06# ಒತ್ತಿದಾಗ ಬರುವ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಡಬ್ಬಿಯ ಮೇಲಿನದಕ್ಕೆ ಹೊಂದುತ್ತದೆಯೇ ಎಂಬುದೂ ಅಂದೇ. ಎರಡನೆಯ, ಮೂರನೆಯ ದಿನ ಕ್ಯಾಮೆರಾ ಮತ್ತು ಬಿಸಿ. ಆಮೇಲೆ ಬ್ಯಾಟರಿ. ಗಡುವು ಅದಕ್ಕಿಂತ ಚಿಕ್ಕದಿದ್ದರೆ ಸರಿಹೋಗದ ಗುಂಪಿನವನ್ನು ಮುಂದೆ ತನ್ನಿ. ಅಷ್ಟು ದಿನವೂ ಡಬ್ಬಿ, ಬಿಲ್ಲು, ಒಳಗಿನ ಪೊಟ್ಟಣಗಳನ್ನು ಹಾಗೇ ಇಟ್ಟಿರಿ. ಹಿಂದಿರುಗಿಸುವುದಾದರೆ ಬೇಕಾದ ಚಿತ್ರಗಳನ್ನು ತೆಗೆದಿಟ್ಟುಕೊಂಡು, ಮೊದಲು ಗೂಗಲ್ ಖಾತೆಯನ್ನು ಫೋನಿನಿಂದ ತೆಗೆಯಿರಿ. ಐಫೋನ್ ಆದರೆ ಕಳೆದ ಫೋನ್ ಹುಡುಕುವ ಫೈಂಡ್ ಮೈ ಸೌಲಭ್ಯ ಆಫ್ ಮಾಡಿ. ಅದಾದ ಮೇಲೆಯೇ ಸೆಟ್ಟಿಂಗ್ಸ್ ಮೂಲಕ ಫ್ಯಾಕ್ಟರಿ ರೀಸೆಟ್. ಖಾತೆ ತೆಗೆಯದೆ, ಫೋನ್ ಶುರುವಾಗುವಾಗ ತೆರೆಯುವ ರಿಕವರಿ ಮೆನುವಿನಿಂದ ಅಳಿಸಿದರೆ ನಿಮ್ಮ ಖಾತೆಯ ಬೀಗ ಫೋನಿನಲ್ಲೇ ಉಳಿಯುತ್ತದೆ, ಬೀಗ ಬಿದ್ದ ಫೋನನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳದಿರಬಹುದು.